ಹರಿತಾ ಮುಟ್ಟಗೊಡದ ಬ್ಯಾಗು

ಕೆಂಚಾರ್ಲಹಳ್ಳಿ
೧೮ ಮೇ ೨೦೨೫, ಭಾನುವಾರ

ಪ್ರೀತಿಯ ಮಗಳು ಭಾನುಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯಲ್ಲಿ ವಾರ್ಡಿನವರಿಗೆಲ್ಲ ಹೊತ್ತುಹೊತ್ತಿಗೆ ಮಾತ್ರೆ ಕೊಡುವ ನರ್ಸಮ್ಮ ತನ್ನ ಮಾತ್ರೆ ನುಂಗುವುದನ್ನು ಮಾತ್ರ ಮರೆಯುತ್ತಾಳೆ, ನನಗೆ ಗೊತ್ತು. ಅಚ್ಯುತನ ಕೆಮ್ಮು ಕಡಿಮೆಯಾಯಿತೆ? ಏಳು ತಿಂಗಳಿಗೇ ಹುಟ್ಟಿದ ಕೂಸು ಈಗ ಮನೆಯೆಲ್ಲ ಓಡಾಡುತ್ತದೆ ಎಂದರೆ ದೇವರು ದೊಡ್ಡವನು. ರಾಯಚೂರಿನ ಬಿಸಿಲಿಗೆ ಅವನಿಗೆ ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಕುಡಿಸು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನ್ ಹಿಡಿದರೆ ಸಾಕು, ನಿನ್ನ ಮಗಳು ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂರುತ್ತಾಳೆ. ಅವಳ ವಿಷಯವನ್ನು ಅವಳೆದುರಿಗೆ ಹೇಳುವುದು ಹೇಗೆ? ಅದಕ್ಕೇ ಈ ಕಾಗದ.

ಹರಿತಾಳನ್ನು ಜೂನ್‌ನಲ್ಲಿ ಚಿಕ್ಕಬಳ್ಳಾಪುರದ ಹಾಸ್ಟೆಲ್ಲಿಗೆ ಸೇರಿಸುವುದೋ, ನಮ್ಮ ಬಳಿಯೇ ಇಟ್ಟುಕೊಳ್ಳುವುದೋ, ಟೂರಿನಲ್ಲಿ ಅವಳ ನಡತೆ ನೋಡಿ ನೀನೇ ತೀರ್ಮಾನ ಮಾಡಮ್ಮ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನಿಮಗೂ ವಯಸ್ಸಾಯಿತು, ಇವಳ ಕಾಟ ಎಷ್ಟು ದಿನ ತಡೆದುಕೊಳ್ಳುತ್ತೀರಿ ಎಂದೂ ಹೇಳಿದ್ದೆ. ಅದು ಸುಳ್ಳಲ್ಲ. ತಮ್ಮನಿಗೆ ಮೈ ಕೂಡುವವರೆಗೆ, ಎರಡು ತಿಂಗಳ ಮಟ್ಟಿಗೆ ಎಂದು ನೀನು ಇವಳನ್ನು ಇಲ್ಲಿ ಬಿಟ್ಟುಹೋದಾಗ ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದ ಮಗು. ಎರಡು ತಿಂಗಳು ಎರಡು ವರ್ಷವಾಗುವಷ್ಟರಲ್ಲಿ ಮೇಷ್ಟರು ಮನೆಗೇ ಬಂದು ದೂರು ಹೇಳುವಂತಾಯಿತು. ನಿನ್ನ ಹತ್ತಿರ ಹೇಳಲಿಲ್ಲ, ಆದರೆ ಒಳಗೊಳಗೇ ನಾನು ಬೆಂದುಹೋಗಿದ್ದೆ. ನಿನ್ನನ್ನೂ ನಿನ್ನಣ್ಣನನ್ನೂ ಬೆಳೆಸಿದ ಕೈ ಇದು. ಮೊಮ್ಮಗಳ ವಿಷಯದಲ್ಲಿ ಮಾತ್ರ ಎಲ್ಲಿ ತಪ್ಪಿದೆ ಎಂದು ಕೇಳಿಕೊಳ್ಳದ ದಿನವಿಲ್ಲ.

ರೇಷ್ಮೆ ಮನೆಯವರಿಗೆ ಟೂರು ಎಂದರೆ ನಿನಗೆ ಗೊತ್ತೇ ಇದೆ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ, ಹುಳುಮನೆ ತೊಳೆದು, ಹೊಸ ಮರಿಹುಳು ಬರುವ ತನಕ ಸಿಗುವ ನಾಲ್ಕು ದಿನ, ಅಷ್ಟೆ. ಮದುವೆಯಾದ ವರ್ಷದಿಂದ ಮೈಸೂರು ತೋರಿಸುತ್ತೇನೆ ಎನ್ನುತ್ತಿದ್ದ ನಿಮ್ಮಪ್ಪ ಈ ಸಲ ಅದನ್ನು ಲೇಪಾಕ್ಷಿ, ವಿದುರಾಶ್ವತ್ಥಕ್ಕೆ ಇಳಿಸಿದರು. ಇರಲಿ, ಅಷ್ಟಾದರೂ ಆಯಿತು. ನಿನ್ನಣ್ಣ ಚನ್ನಕೇಶವ ಕಾರು ಓಡಿಸಿದ. ನಿಮ್ಮತ್ತಿಗೆ ತನುಜ ಮುಂದೆ ಕೂತಳು, ನಾವು ಮೂವರು ಹಿಂದೆ. ಎರಡು ದಿನಕ್ಕೆ ಎರಡು ಜೊತೆ ಬಟ್ಟೆ ಸಾಕಿತ್ತು. ಇವಳು ಮಾತ್ರ ಸ್ಕೂಲ್ ಬ್ಯಾಗನ್ನು ಜಿಪ್ ಹರಿಯುವಷ್ಟು ತುಂಬಿ ತೊಡೆಯ ಮೇಲಿಟ್ಟುಕೊಂಡಳು. ಯಾರನ್ನೂ ಮುಟ್ಟಗೊಡಲಿಲ್ಲ. ಡಿಕ್ಕಿಯಲ್ಲಿ ಇಡೋಣ ಎಂದದ್ದಕ್ಕೇ ತನುಜಳ ಕೈ ಪರಚಿದಳು.

ಪೆರೇಸಂದ್ರದಲ್ಲಿ ಇಡ್ಲಿ ತಿನ್ನಲು ಇಳಿದೆವು. ಇವಳು ಇಳಿಯಲಿಲ್ಲ, ಒಳಗಿನಿಂದ ಲಾಕ್ ಹಾಕಿಕೊಂಡಳು. ಬೀಗದ ಕೈಯೂ ಒಳಗೇ. ಕಿಟಕಿಯ ಗಾಜು ನಾಲ್ಕು ಬೆರಳಿನಷ್ಟು ಇಳಿಸಿಕೊಂಡು, ನಾನು ಕಟ್ಟಿ ತಂದಿದ್ದ ಕೋಡುಬಳೆ ತಿನ್ನುತ್ತ ನಮ್ಮನ್ನು ನೋಡುತ್ತ ಕೂತಳು. ಮುಕ್ಕಾಲು ಗಂಟೆ! ಹೈವೇಯಲ್ಲಿ ಹೋಗುವವರೆಲ್ಲ ನಿಂತು ಸಲಹೆ ಕೊಟ್ಟರು. ಕೊನೆಗೆ ನಿಮ್ಮಪ್ಪ ಗಾಜಿಗೆ ಮುಖ ಒತ್ತಿ, "ಇನ್ನೊಂದ್ಸಲ ಹಿಂಗ್ ಮಾಡು, ನಿಮ್ಮಮ್ಮನ ಹತ್ರ ಕಳಿಸಿಬಿಡ್ತೀನಿ" ಎಂದು ಕೂಗಿದರು. ತಕ್ಷಣ ಬಾಗಿಲು ತೆರೆಯಿತು. ಬೆದರಿಕೆ ನಾಟಿತು ಎಂದುಕೊಂಡೆವು.

ಎಲ್ಲಿ ಬಂತು! ಲೇಪಾಕ್ಷಿಯಲ್ಲಿ ನೇತಾಡುವ ಕಂಬದ ಕೆಳಗೆ ಎಲ್ಲರೂ ಬಟ್ಟೆ ತೂರಿಸಿ ನೋಡುತ್ತಾರಲ್ಲ, ನಿಮ್ಮಪ್ಪನ ಹೆಗಲವಸ್ತ್ರವನ್ನು ತೂರಿಸಿದವಳು ಆ ಕಡೆಯಿಂದ ಎಳೆದುಕೊಂಡು ಓಡಿ, ಹೊರಗೆ ಮರದ ಕೊಂಬೆಗೆ ಎಸೆದಳು. ಈಗ ಅದೇ ಮಾತು ಹೇಳಿ ಬೆದರಿಸುವ ಸರದಿ ನನ್ನದು. ಸಂಜೆ ಗೌರಿಬಿದನೂರಿನಲ್ಲಿ ನಿನ್ನ ಕಮಲಮ್ಮ ಚಿಕ್ಕಮ್ಮನ ಮನೆ ಸೇರಿದೆವು. ಅವಳು ಪ್ರೀತಿಯಿಂದ ಒಬ್ಬಟ್ಟಿಗೆ ರುಬ್ಬಿಟ್ಟ ಹೂರಣಕ್ಕೆ ಇವಳು ಒಂದು ಹಿಡಿ ಉಪ್ಪು ಸುರಿದಳು. ಕಮಲಮ್ಮ "ಏಂ ಪಿಲ್ಲಮ್ಮಾ ಇದಿ!", ಎಂಥಾ ಹುಡುಗಿಯಮ್ಮ ಇವಳು, ಎಂದು ತಲೆಯ ಮೇಲೆ ಕೈಹೊತ್ತು ಕೂತಳು. ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ. ಊರಿಗೆ ಹೋದ ಕೂಡಲೇ ಹಾಸ್ಟೆಲ್ಲಿನ ಫಾರಂ ಕೊಟ್ಟುಬಿಡುವುದೆಂದು ಅಲ್ಲೇ ತೀರ್ಮಾನಿಸಿದೆ ಭಾನು. ಸುಳ್ಳು ಹೇಳುವುದಿಲ್ಲ, ತೀರ್ಮಾನಿಸಿದ ಮೇಲೆ ಒಂದಿಷ್ಟು ಹಗುರವೂ ಆಯಿತು.

ಮಾರನೆಯ ದಿನ ವಿದುರಾಶ್ವತ್ಥ. ನಾನು ಮಂಗಳಾರತಿ ತೆಗೆದುಕೊಂಡು ತಿರುಗುವಷ್ಟರಲ್ಲಿ ಇವಳಿಲ್ಲ. ಕಾರಿನ ಹತ್ತಿರ ಇಲ್ಲ, ಅಂಗಡಿಗಳ ಹತ್ತಿರ ಇಲ್ಲ. ಚನ್ನಕೇಶವ ನದಿಯ ಕಡೆಗೆ ಓಡಿದ. ಹೆತ್ತವಳಿಗೆ ಏನು ಹೇಳಲಿ ಎಂದುಕೊಳ್ಳುತ್ತ ನಾನು ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಅರ್ಧ ಗಂಟೆಯಾದ ಮೇಲೆ ತನುಜ ಕೂಗಿದಳು. ನಾಗರಕಲ್ಲುಗಳ ಸಾಲಿನ ಹಿಂದೆ, ಬ್ಯಾಗು ತಬ್ಬಿಕೊಂಡು, ನಾವು ಕರೆದದ್ದನ್ನೆಲ್ಲ ಕೇಳಿಸಿಕೊಂಡೇ ಕೂತಿದ್ದಳು. ಎಂದೂ ಯಾರ ಮೇಲೂ ಕೈಯೆತ್ತದ ನಿಮ್ಮಪ್ಪ ಕೈಯೆತ್ತಿದರು. ಹೊಡೆಯಲಿಲ್ಲ, ಸದ್ಯ. "ಸಾಕು. ಇನ್ ನಮ್ ಕೈಲಾಗಲ್ಲ. ಇವಳನ್ನ ಇವರಮ್ಮನ ಹತ್ರ ಬಿಟ್ಟು ಬರ್ತೀನಿ" ಎಂದರು.

ಅಳುತ್ತಾಳೆ ಎಂದುಕೊಂಡೆ. ಅವಳು ಎದ್ದು ಲಂಗ ಕೊಡವಿಕೊಂಡಳು. ಬ್ಯಾಗನ್ನು ಬೆನ್ನಿಗೇರಿಸಿ, ನಿಮ್ಮಪ್ಪನ ಕೈ ಹಿಡಿದುಕೊಂಡು, "ತಾತ, ಬಸ್ಸಾ ರೈಲಾ?" ಎಂದಳು.

ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಬ್ಯಾಗು ಬಿಚ್ಚಿದೆ, ಈಗ ತಡೆಯಲಿಲ್ಲ. ಯೂನಿಫಾರಂ, ಸ್ವೆಟರ್, ಅಂಕಪಟ್ಟಿ, ಅವಳ ಹೆಸರು ಕೆತ್ತಿಸಿದ ಊಟದ ತಟ್ಟೆ. ಟೂರಿನಿಂದಲೇ ನಿನ್ನ ಹತ್ತಿರ ಬರುವ ತಯಾರಿ! ಯಾಕಮ್ಮ ಇದೆಲ್ಲ ಎಂದೆ. "ಹಟ ಮಾಡಿದ್ರೆ ಅಮ್ಮನ ಹತ್ರ ಕಳಿಸ್ತೀವಿ ಅಂತ ನೀವೇ ಹೇಳಿದ್ರಲ್ಲಜ್ಜಿ. ಎರಡು ವರ್ಷದಿಂದ ಮಾಡ್ತಾನೇ ಇದೀನಿ, ನೀವು ಕಳಿಸ್ತಾನೇ ಇಲ್ಲ" ಎಂದಳು. ತಾನು ಹಟ ಮಾಡಿ, ತಪ್ಪನ್ನು ನಮ್ಮ ಮೇಲೇ ಹೊರಿಸಿದಳು ನೋಡು.

ದಿನಕ್ಕೆ ಮೂರು ಸಲ ಹೇಳಿದ್ದೇವೆ ಭಾನು, ನಾನೂ ನಿಮ್ಮಪ್ಪನೂ. ನನ್ನಮ್ಮ ನನಗೆ ಗುಮ್ಮನನ್ನು ಕರೆಯುತ್ತೇನೆ ಎನ್ನುತ್ತಿದ್ದಳು. ನಾವು ಗುಮ್ಮನ ಜಾಗದಲ್ಲಿ ನಿನ್ನ ಹೆಸರು ಹೇಳಿದೆವು, ಆ ಕೂಸು ಅದನ್ನು ಬಹುಮಾನ ಎಂದುಕೊಂಡಿತು. ಒಳ್ಳೆಯ ಹುಡುಗಿಯಾದರೆ ಅಜ್ಜಿಮನೆಯಲ್ಲೇ ಉಳಿದುಬಿಡುತ್ತೇನೆ ಎಂಬ ಹೆದರಿಕೆ ಅದಕ್ಕೆ. ನನಗೆ ಮೊದಲು ಅಳು ಬಂತು, ಆಮೇಲೆ ನಗು ಬಂತು. ಆಮೇಲೆ ಎಷ್ಟು ನೆಮ್ಮದಿಯಾಯಿತೆಂದರೆ ಗುಡಿಯೊಳಗೆ ಹೋಗಿ ಇನ್ನೊಂದು ಸಲ ಕೈಮುಗಿದು ಬಂದೆ. ಮಗು ಕೆಟ್ಟಿಲ್ಲ. ನನ್ನ ಕೈಯೂ ಕೆಟ್ಟಿಲ್ಲ.

ಬರುವಾಗ ನಿಮ್ಮಪ್ಪ ಮಂಚೇನಹಳ್ಳಿ ದಾಟಿದ ಮೇಲೆ ಮೆಲ್ಲಗೆ, "ನಮ್ಮನೆ ಚೆನ್ನಾಗಿಲ್ವೇನಮ್ಮ?" ಎಂದು ಕೇಳಿದರು. "ಚೆನ್ನಾಗೈತೆ ತಾತ. ಅಮ್ಮ ಇಲ್ಲ, ಅಷ್ಟೆ" ಎಂದು ಅವರ ತೊಡೆಯ ಮೇಲೆ ಮಲಗಿದಳು. ಚಿಂತಾಮಣಿ ಬರುವವರೆಗೆ ಅವರು ಕಾಲು ಅಲುಗಿಸಲಿಲ್ಲ. ನಿನ್ನನ್ನು ದೂರಲು ಇದನ್ನೆಲ್ಲ ಬರೆಯುತ್ತಿಲ್ಲ. ಆ ಹಸುಗೂಸನ್ನು ಉಳಿಸಿಕೊಳ್ಳಲು ನೀನು ಪಟ್ಟ ಪಾಡು ಕಣ್ಣಾರೆ ಕಂಡವಳು ನಾನು. ಹರಿತಾ ಮೂರು ದಿನದಿಂದ ಒಂದು ಹಟವನ್ನೂ ಮಾಡಿಲ್ಲ. ನೆರೆಮನೆಯ ಮುನಿಗಂಗಮ್ಮ ಹುಡುಗಿಗೆ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದಳು.

ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಅಚ್ಯುತನ ಎರಡು ಕೆನ್ನೆಗೂ ಅಜ್ಜಿಯ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಅಮ್ಮ
ಅಶ್ವತ್ಥಮ್ಮ

ತಾ.ಕ.: ಹಾಸ್ಟೆಲ್ಲಿನ ಫಾರಂ ಹರಿದು ಒಲೆಗೆ ಹಾಕಿದ್ದೇನೆ. ೩೧ನೇ ತಾರೀಖು ಶನಿವಾರದ ರೈಲಿಗೆ ಟಿಕೆಟ್ ಆಗಿದೆ, ನಿಮ್ಮಪ್ಪನೇ ಕರೆತರುತ್ತಾರೆ. ಭಾನುವಾರ ಬೆಳಿಗ್ಗೆ ಅವಳು ಇಳಿಯುವಾಗ ಸ್ಟೇಷನ್ನಿನಲ್ಲಿ ನೀನೇ ನಿಂತಿರಬೇಕು, ಡ್ಯೂಟಿ ಇದ್ದರೆ ಬದಲಾಯಿಸಿಕೋ. ಬೇಡ ಎನ್ನಲು ಫೋನ್ ಮಾಡಬೇಡ, ಅವಳಿಗೆ ಆಗಲೇ ಹೇಳಿಯಾಗಿದೆ. ಇನ್ನೊಂದು ಮಾತು. ಮಕ್ಕಳೆಂದ ಮೇಲೆ ಅಲ್ಲಿಯೂ ಹಟ ಮಾಡುತ್ತಾಳೆ. ಬೈಯಿ, ಬೇಕಾದರೆ ಎರಡು ಬಾರಿಸು. ಆದರೆ ಅಜ್ಜಿಯ ಹತ್ತಿರ ಕಳಿಸಿಬಿಡುತ್ತೇನೆ ಎಂದು ಮಾತ್ರ ಯಾವತ್ತೂ ಹೆದರಿಸಬೇಡ ಕಣೇ.