ಬ್ಯಾಂಡೇಜು ನೋಡಿ ಬಿಟ್ಟ ಟಿಪ್ಸು ಸಂಬಳವಲ್ಲ

ಜಯನಗರ, ೧೯೮೩

ಮಾನ್ಯ ಕಾರ್ಮಿಕ ನಿರೀಕ್ಷಕರೇ,

ಹೋಟೆಲ್ ಕೆಲಸಗಾರನೊಬ್ಬ ಸುಟ್ಟ ಕೈ ತೋರಿಸಿ ಸಂಬಳ ಕೊಡಿಸಿ ಎಂದಾಗ, "ಟಿಪ್ಸ್ ಬರುತ್ತಲ್ಲಪ್ಪ, ಇನ್ನೇನು ತೊಂದರೆ?" ಎಂದು ತಾವು ಕೇಳಿದಿರಿ. ಅವನ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ನಾನೇ. ಅಂದು ನನ್ನ ಬಾಯಿಂದ ಮಾತು ಹೊರಡಲಿಲ್ಲ. ಏಕೆಂಬುದನ್ನು ಈಗ ಪತ್ರಿಕೆಯ ಮೂಲಕ ಹತ್ತು ಜನರೆದುರು ಹೇಳುತ್ತಿದ್ದೇನೆ.

ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರದ ಆ ಹೋಟೆಲಿನಲ್ಲಿ ಚಲುವರಾಜು ಸಪ್ಲೈಯರ್ ಆಗಿದ್ದ. ಆಫೀಸು ಮುಗಿಸಿ ನಾವು ಗೆಳತಿಯರು ಅಲ್ಲಿನ ಫ್ಯಾಮಿಲಿ ರೂಮಿನಲ್ಲಿ ಕೂರುತ್ತಿದ್ದೆವು. ಈ ಮಳೆಗಾಲದಲ್ಲಿ ಅಡುಗೆಮನೆಯ ಸಾಂಬಾರು ಪಾತ್ರೆ ಜಾರಿ ಅವನ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಮನೆಯಲ್ಲಿ ಕೂತರೆ ಸಂಬಳವಿಲ್ಲ ಎಂದರು ಮಾಲೀಕರು. ಗಾಯ ಹಸಿಯಿರುವಾಗಲೇ ಬ್ಯಾಂಡೇಜು ಸುತ್ತಿಕೊಂಡು, ಎಡಗೈಯಲ್ಲಿ ತಟ್ಟೆ ಹಿಡಿದು ಬಂದ. ಎಂದೂ ಬಿಡದಷ್ಟು ಟಿಪ್ಸು ಬಿಟ್ಟು, ಮೆಟ್ಟಿಲಿಳಿಯುತ್ತಾ ನಮ್ಮ ಔದಾರ್ಯಕ್ಕೆ ನಾವೇ ಹಿಗ್ಗಿದೆವು. ಇವನಿಗೆ ರಜೆ ಏಕಿಲ್ಲ, ಔಷಧಿ ಯಾರ ಖರ್ಚು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ತಿಂದ ಮಸಾಲೆದೋಸೆ ಅರಗುತ್ತಿರಲಿಲ್ಲವೇನೋ.

ಮಾಲೀಕರು ನಮ್ಮ ಕರುಣೆಯನ್ನು ಸರಿಯಾಗಿಯೇ ಅಳೆದರು. ಅವನ ಸಂಬಳ ನಿಲ್ಲಿಸಿದರು; ಗಾಯ ಮಾಗಿದರೂ ಬ್ಯಾಂಡೇಜು ಬಿಚ್ಚಲು ಬಿಡಲಿಲ್ಲ. "ಇರ್ಲಿ ಬಿಡೋ, ಅದನ್ನ ನೋಡಿ ಜನ ಜಾಸ್ತಿ ಕೊಡ್ತಾರೆ. ನಾನ್ಯಾಕೆ ಸಂಬಳ ಕೊಡ್ಲಿ?" ಎಂದರಂತೆ. ಮರುದಿನ ನಮ್ಮ ಮೇಜಿನ ಪಕ್ಕದಲ್ಲೇ ನಿಂತು ಚಲುವರಾಜು ಆ ಬಟ್ಟೆ ಬಿಚ್ಚಿದ. ಮಾಲೀಕರು ಗಲ್ಲಾ ಬಿಟ್ಟು ಬಂದರು.

"ಏನೋ ಇದು?"

"ವಾಸಿಯಾಗಿದೆ ಸಾರ್. ಇನ್ಮೇಲೆ ಸಂಬಳ ಕೊಡಿ."

"ಹಂಗಾದ್ರೆ ಬೇರೆ ಕಡೆ ನೋಡ್ಕೊ."

ನಾನು ಪರ್ಸಿಗೆ ಕೈ ಹಾಕಿದೆ. ಆ ಹೊತ್ತಿನಲ್ಲೂ ನನಗೆ ತೋಚಿದ್ದು ಅಷ್ಟೇ.

"ಅದು ಬೇಡ ಮೇಡಂ. ಲೇಬರ್ ಆಫೀಸಿಗೆ ಜೊತೇಲಿ ಬರ್ತೀರಾ? ನಿಮ್ಮಂಥೋರು ಇದ್ರೆ ಮಾತು ಕೇಳ್ತಾರೆ" ಎಂದ ಚಲುವರಾಜು.

ಹೀಗೆ ನಾವು ತಮ್ಮಲ್ಲಿಗೆ ಬಂದೆವು. ತಾವು ಅವನನ್ನು ನಿಲ್ಲಿಸಿ ನನ್ನನ್ನು ಕೂರಿಸಿದಿರಿ. "ನಿಮ್ಮಂಥ ಧಾರಾಳಿಗಳು ಇರೋತನಕ ಇವರಿಗೇನು ಕಷ್ಟ ಮೇಡಂ?" ಎಂದು ನಕ್ಕಿರಿ. ನನ್ನ ಬಾಯಿ ಕಟ್ಟಿಹಾಕಿದ್ದು ಆ ಹೊಗಳಿಕೆ. ನಾನೂ ಅಲ್ಲಿಯವರೆಗೆ ನಂಬಿದ್ದು ಅದನ್ನೇ. ಸ್ವಾಮಿ, ತಮ್ಮ ಸಂಬಳವನ್ನೂ ಸರ್ಕಾರ ಹೀಗೆ ಬಂದುಹೋಗುವವರ ಕರುಣೆಗೆ ಬಿಟ್ಟರೆ ತಾವು ಒಪ್ಪುವಿರಾ? ಅಥವಾ ಈ ಪ್ರಶ್ನೆಯನ್ನು ತಮ್ಮ ಕಚೇರಿಯಲ್ಲಿ ಕೇಳಬಾರದೇ?

ಈಗ ಚಲುವರಾಜು ಕತ್ರಿಗುಪ್ಪೆಯಲ್ಲಿ ಏಳುತ್ತಿರುವ ಮನೆಗಳಿಗೆ ಇಟ್ಟಿಗೆ ಹೊರುತ್ತಾನೆ. ಹೋದ ವಾರ ಸುದ್ದಗುಂಟೆಪಾಳ್ಯದ ಅವನ ಮನೆಗೆ ಹೋಗಿದ್ದೆ. "ಬಿಸ್ಲಿಗೆ ಕೈ ಉರೀತದಂತೆ ಅಕ್ಕ, ಆದ್ರೂ ಹೋಗ್ತಾರೆ" ಎಂದಳು ಹೆಂಡತಿ ಮಂಗಮ್ಮ. ಬೇಡವೆಂದರೂ ಕಾಫಿ ಮಾಡಿಕೊಟ್ಟಳು. ಕುಡಿದು ಲೋಟ ಕೆಳಗಿಟ್ಟ ಮೇಲೆ, ಅಲ್ಲಿ ಏನು ಬಿಟ್ಟು ಏಳಬೇಕೆಂದು ತಿಳಿಯದೆ ಬಹಳ ಹೊತ್ತು ಕೂತೇ ಇದ್ದೆ.

ಆ ಹೋಟೆಲಿಗೆ ತಾವು ಬರಬೇಕು, ತಿಂಡಿಗಲ್ಲ, ತನಿಖೆಗೆ. ಚಲುವರಾಜುವಿಗೆ ತಡೆಹಿಡಿದ ಸಂಬಳ, ಸುಟ್ಟ ಕೈಗೆ ಪರಿಹಾರ, ಕಳೆದುಕೊಂಡ ಕೆಲಸ, ಮೂರನ್ನೂ ಕೊಡಿಸಬೇಕು. ಸಾಕ್ಷಿ ನಾನು ಹೇಳುತ್ತೇನೆ. ತಾವು ಬಾರದಿದ್ದರೆ ನಾವು ಗೆಳತಿಯರು ಆ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಪ್ರತಿಯೊಬ್ಬರಿಗೂ ಇದನ್ನೆಲ್ಲ ಹೇಳುತ್ತೇವೆ.

ಇಂತಿ ನಾಚಿಕೆಯಿಂದ,
ಕಾತ್ಯಾಯಿನಿ
ಆ ಹೋಟೆಲಿನ ಹಳೆಯ ಗಿರಾಕಿ