ಗೇಟಿನ ಹತ್ತಿರ ತಮಟೆ

೧೬ ಫೆಬ್ರವರಿ ೨೦೨೪, ಶುಕ್ರವಾರ

ಕಿವಿಯಲ್ಲಿ ಇನ್ನೂ ತಮಟೆಯ ಸದ್ದು. ನಿದ್ದೆ ಬರುವ ಹಾಗಿಲ್ಲ.

ಕಾಲೇಜಿನ ದಲಿತ ಮಕ್ಕಳು ತಮ್ಮ ಓದಿನ ಬಗ್ಗೆ ತಾವೇ ವೇದಿಕೆ ಹತ್ತಿ ಮಾತಾಡಲಿ ಎಂದೇ ಇವತ್ತಿನ ಕಾರ್ಯಕ್ರಮ ಇಟ್ಟುಕೊಂಡಿದ್ದೆ. ಅವರ ಸಲಹೆಗಾರ್ತಿ ಎಂಬ ಹೆಸರು ಬೇರೆ ನನಗೆ. ಬಿಳಿಚೋಡಿನ ಕೆಂಚೇಶ್ ತಿಂಗಳಿಡೀ ನನ್ನೆದುರು ಕೂತು ಭಾಷಣ ತಿದ್ದಿದ್ದ.

ಬೆಳಿಗ್ಗೆ ಪ್ರಿನ್ಸಿಪಾಲರು, "ಅತಿಥಿಗಳು ಬರೋ ಹೊತ್ತಾತು. ನಿಮ್ಮ ಹುಡುಗ್ರಿಗೆ ಗೇಟಿನ ಹತ್ರ ತಮಟೆ ಬಾರ್ಸಾಕೆ ಹೇಳ್ರಿ ಮೇಡಂ, ಅವರ ಸಂಸ್ಕೃತೀನೇ ಅಲ್ವಾ" ಎಂದರು. ಹೇಳಿದೆ. ಹೇಳಿಯೇಬಿಟ್ಟೆ! ಕೆಂಚೇಶ್ ನನ್ನ ಮುಖ ನೋಡಿದ, ತಮಟೆ ಹೆಗಲಿಗೆ ಹಾಕಿಕೊಂಡ.

ಸಿಕ್ಕ ಅವಕಾಶ ಬಳಸಿಕೊಳ್ಳಿ ಎಂದು ಅತಿಥಿಗಳು ಮಕ್ಕಳಿಗೆ ಉದ್ದಕ್ಕೆ ಬುದ್ಧಿ ಹೇಳಿದರು. ಹುಡುಗನ ಭಾಷಣಕ್ಕೆ ಹೊತ್ತೇ ಉಳಿಯಲಿಲ್ಲ. ಇನ್ನು ಪ್ರತಿ ವರ್ಷವೂ ಇದೇ ಸ್ವಾಗತ ಎಂದರು ಪ್ರಿನ್ಸಿಪಾಲರು. ದರಿದ್ರ ಸ್ವಾಗತ.

"ಇದಕ್ಕಾದ್ರೆ ಊರಾಗೇ ಇರ್ತಿದ್ದೆ ಮೇಡಂ" ಎಂದಷ್ಟೇ ಹೇಳಿ ಕೆಂಚೇಶ್ ಬಸ್ಸು ಹತ್ತಿದ.

ಸಂಜೆ ಅವನ ಅಪ್ಪ ತಿಪ್ಪೇಶಪ್ಪನವರ ಫೋನು. ಮಗ ಓದಲಿ ಎಂದು, ಊರಿನವರನ್ನು ಎದುರು ಹಾಕಿಕೊಂಡು ತಲೆಮಾರಿನ ತಮಟೆ ಚಾಕರಿ ಬಿಟ್ಟ ಮನುಷ್ಯ. ಯಾರೋ ಗೇಟಿನ ಹತ್ತಿರದ ವಿಡಿಯೊ ತೋರಿಸಿದ್ದರಂತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ.

"ಹುಡುಗ ಚೆಂದ ಬಾರ್ಸ್ತಾನೆ ಮೇಡಂ. ನಾನಂತೂ ಕಲ್ಸಿರ್ಲಿಲ್ಲ. ನಿಮ್ ಕಾಲೇಜ್ನಾಗೆ ಕಲ್ಸಿದ್ರೇನ್ರಿ?"

ಕೆಂಚೇಶ್ ಸೋಮವಾರ ಕ್ಲಾಸಿಗೆ ಬರುವುದಿಲ್ಲ, ಗೊತ್ತು. ಬಂದರೂ ಯಾವ ಮುಖ ಇಟ್ಟುಕೊಂಡು ಅವನಿಗೆ ನಾನು ಸಲಹೆ ಕೊಡಲಿ?