ಮೆಟ್ಟಿಲ ಮೇಲಿನ ಪೌಡರು

ಮಾರ್ಚ್ ೧೨, ಭಾನುವಾರ

ಎಂಜಿನ್ ಸಾಹೇಬರಿಗೆ, ನಿಮ್ಮ ಗೋಂದಮ್ಮನ ನಮಸ್ಕಾರಗಳು.

ಉತ್ತರ ತಡವಾಯ್ತು, ಬೈಬೇಡಿ. ಹಡಗು ಮುಂದಿನ ಬಂದರು ಮುಟ್ಟೋದರೊಳಗೆ ಈ ಕಾಗದ ಅಲ್ಲಿರಲಿ ಅಂತ ಇವತ್ತು ಹಟ ಹಿಡಿದು ಕೂತಿದ್ದೀನಿ. ಲೈಬ್ರರಿಯ ಬೈಂಡಿಂಗ್ ಕೋಣೆಯಲ್ಲಿ ಹರಿದ ಪುಸ್ತಕಗಳು ಸೊಂಟದೆತ್ತರ ಬಿದ್ದಿವೆ, ನಿಜ. ಆದರೆ ತಡವಾಗಿದ್ದು ಕೆಲಸದಿಂದಲ್ಲ. ಏನು ಬರೀಬೇಕು ಅಂತಲೇ ತಿಳೀಲಿಲ್ಲ. ನಿಮ್ಮ ಮಗಳ ಮೇಲೆ ನನಗೆ ಅನುಮಾನ ಬಂದಿತ್ತು. ಅನುಮಾನ ಅಂದ್ರೆ ಸಣ್ಣದಲ್ಲ, ನನ್ನನ್ನ ಮುಗಿಸೋಕೇ ನೋಡ್ತಿದ್ದಾಳೆ ಅನ್ನೋವಷ್ಟು. ನಗಬೇಡಿ.

ಈಗ ಅವಳ ವಯಸ್ಸಿನ ಹುಡುಗಿಯರಿಗೆಲ್ಲ ಒಂದು ಹುಚ್ಚು ಹತ್ತಿದೆ. ಹಳೇ ಕಾಲದ ಭೂತಬಂಗಲೆ ಕಾದಂಬರಿಗಳಿರ್ತವಲ್ಲ, ಬೀಗ ಹಾಕಿದ ಕೋಣೆ, ಸತ್ತ ಮೊದಲ ಹೆಂಡತಿ, ಗಡಗಡ ನಡುಗೋ ಎರಡನೇ ಹೆಂಡತಿ, ಅವನ್ನೇ ಇವರಿಗೋಸ್ಕರ ತಿರುಗಿಸಿ ಬರೀತಾರೆ. ಹಳೆಯದರಲ್ಲಿ ಬಾಯಿಲ್ಲದೆ ಮೂಲೆ ಹಿಡಿದಿದ್ದೋಳು ಹೊಸದರಲ್ಲಿ ಕಥೆ ಹೇಳ್ತಾಳೆ. ಇವಳು ಓದ್ತಿರೋದರಲ್ಲಿ ಮೊದಲ ಹೆಂಡತಿಯ ಮಗಳೇ ನಾಯಕಿ. ಎರಡನೇ ಹೆಂಡತಿ? ರಾಕ್ಷಸಿ! ಊಟ ಮಾಡಲ್ಲ, ಕನ್ನಡೀಲಿ ಕಾಣಲ್ಲ, ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಾಳೆ. ಆ ಪುಸ್ತಕ ಹೊಲಿಗೆ ಬಿಚ್ಚಿಕೊಂಡು ನನ್ನ ಮೇಜಿಗೇ ಬಂತು. ರಾಕ್ಷಸಿ ಬರೋ ಪುಟಗಳಲ್ಲೆಲ್ಲ ನೇರಳೆ ಪೆನ್ಸಿಲ್ ಗೆರೆ. ಆ ಪೆನ್ಸಿಲ್ ತಂದುಕೊಟ್ಟಿದ್ದೇ ನಾನು.

ಅವತ್ತಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದ್ದೆ. ನಾನು ತಟ್ಟೆ ಮುಂದೆ ಕೂತರೆ ತುತ್ತು ತುತ್ತಿಗೂ ಅವಳ ನೋಟ. ಹಜಾರದ ಕನ್ನಡಿ ಇದ್ದಕ್ಕಿದ್ದಂತೆ ನನ್ನ ಕುರ್ಚಿ ಕಡೆ ತಿರುಗಿತ್ತು. ನಾನೇನು ಕಮ್ಮಿನಾ? ಅವಳು ಮಾಡಿಕೊಟ್ಟ ಟೀನ ಸದ್ದಿಲ್ಲದೆ ಸಿಂಕಿಗೆ ಸುರಿದೆ.

ಇವತ್ತು ಮಧ್ಯಾಹ್ನ ಬಟ್ಟೆ ಒಣಗಿಸೋಕೆ ಮಹಡಿ ಹತ್ತಿದೆ. ಇವಳ ಅಮ್ಮ, ತೀರಿಹೋದ ಅಕ್ಕನ ಹೊಲಿಗೆ ಕೋಣೆಯ ಮುಂದಿನ ಮೆಟ್ಟಿಲ ಮೇಲೆಲ್ಲ ಮುಖಕ್ಕೆ ಹಚ್ಚೋ ಪೌಡರು! ಕಾಲು ಜಾರಿ ಬಕೆಟ್ಟು ಒಂದು ಕಡೆ, ನಾನೊಂದು ಕಡೆ. ಸದ್ದಿಗೆ ಓಡಿ ಬಂದಳು.

"ನನ್ನ ಸೊಂಟ ಮುರೀಲಿ ಅಂತ ಹಾಕಿದ್ದೇನೇ?" ಅಂದೆ.

"ಅಯ್ಯೋ ಇಲ್ಲ! ನಿಮ್ಮ ಹೆಜ್ಜೆ ಗುರುತು ಬೀಳಲಿ ಅಂತ. ನಾನಿಲ್ಲದಾಗ ಆ ಕೋಣೆಗೆ ಹೋಗ್ತೀರಲ್ಲ."

"ನಾನ್ಯಾಕೆ ಹೋಗ್ಲಿ? ಬೀಗ ಹಾಕಿಸಿದೋಳು ನೀನು."

"ನಾನಾ? ನಮ್ಮಮ್ಮನ ಕೋಣೆಗೆ? ನೀವಲ್ವಾ? ಅಮ್ಮನ ಸಾಮಾನು ಕಣ್ಣಿಗೆ ಬಿದ್ದರೆ ಈ ಮನೆಗೆ ಕಾಲಿಡಲ್ಲ ಅಂದ್ರಂತೆ. ಅಪ್ಪನೇ ಹೇಳಿದ್ರು."

ರೀ, ನನಗೇನು ಹೇಳಿದ್ರಿ ನೀವು? 'ಅವಳಮ್ಮನ ಕೋಣೆಗೆ ನೀನು ಹೋಗಬಾರದು ಅಂತ ಮಗು ಹಟ ಹಿಡಿದಿದೆ, ಬೀಗ ಹಾಕಿದ್ದೀನಿ, ಅವಳ ಹತ್ರ ಆ ಮಾತೇ ಎತ್ತಬೇಡ' ಅಂದ್ರಿ. ನಾನು ಎತ್ತಲಿಲ್ಲ. ಮದುವೆಯಾದಾಗಿಂದ ನಾವಿಬ್ಬರೂ ಒಂದೇ ಸೂರಿನಡಿ ಹಾವು ಮುಂಗುಸಿ ಹಾಗೆ ಬದುಕಿದ್ವಿ.

ಒದ್ದೆ ಬಟ್ಟೆ ನಡುವೆ ಅಲ್ಲೇ ಕೂತ್ವಿ. ಮೊದಲು ನಕ್ಕಿದ್ದು ಅವಳು, ನನ್ನ ಮೂಗಿಗೆಲ್ಲ ಪೌಡರಂತೆ. ಆಮೇಲೆ ಅಂದಳು, "ಹಳೇ ಪುಸ್ತಕದಲ್ಲಿ ಎಲ್ಲರೂ ಕೋಣೆಯೊಳಗೆ ಏನಿದೆಯೋ ಅಂತ ಹೆದರ್ತಾರೆ. ಹೊಸದರಲ್ಲಿ ಬೀಗದಕೈ ಯಾರ ಹತ್ರ ಇದೆ ಅಂತ ಕೇಳ್ತಾರೆ." ಬೀಗದಕೈ ನಿಮ್ಮ ಜೊತೆ ಸಮುದ್ರದ ಮೇಲಿದೆ.

ಕೋಪ ಬಂತು, ಸುಳ್ಳು ಯಾಕೆ ಹೇಳ್ಲಿ. ಆದರೂ ಅಕ್ಕನ ಹೊಲಿಗೆ ಮೆಷಿನ್ನು ನೋಡೋಕೆ ನಿಮಗೇ ಆಗ್ತಿರಲಿಲ್ಲವೇನೋ, ಅದನ್ನ ಬಾಯಿಬಿಟ್ಟು ಹೇಳೋಕೆ ನಾಚಿಕೆಯೇನೋ ಅಂತ ಸಮಾಧಾನ ಮಾಡಿಕೊಂಡೆ. ನಾಳೆ ಬೀಗ ರಿಪೇರಿಯವನನ್ನ ಕರೆಸ್ತೀನಿ. ಮಗುಗೆ ಅವಳಮ್ಮನ ಮೆಷಿನ್ ಬೇಕಂತೆ. ಅದರ ಮುಂದೆ ಕೂರಿಸಿಕೊಂಡು ಹೊಲಿಯೋದು ಕಲಿಸಿ ಅಂತ ನನ್ನನ್ನೇ ಕೇಳ್ತಿದ್ದಾಳೆ. ಎಷ್ಟು ಖುಷಿಯಾಯ್ತು ಗೊತ್ತಾ!

ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡೀತಾ ಇರಿ. ದೇವರು ನಿಮ್ಮನ್ನ ತಣ್ಣಗಿಟ್ಟಿರಲಿ.

ನಿಮ್ಮ
ಗೋಂದಮ್ಮ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ, ಒಳ್ಳೇದೇ ಆಯ್ತು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಸಿದ್ವಿ. ಒಳಗೆ ಏನೂ ಇಲ್ಲ. ಮೆಷಿನ್ನಿಲ್ಲ, ಅಕ್ಕನ ಬಟ್ಟೆಯಿಲ್ಲ, ಗೋಡೆಯಲ್ಲಿ ಫೋಟೋ ತೆಗೆದ ಮೊಳೆ ಮಾತ್ರ. ಯಾವಾಗ ಸಾಗಿಸಿದ್ರಿ? ಖಾಲಿ ಕೋಣೆಗೆ ಬೀಗ ಜಡಿದು, ನಮ್ಮಿಬ್ಬರನ್ನ ಒಬ್ಬರಿಗೊಬ್ಬರು ಕಾವಲಿಟ್ಟು ಹೊರಟುಬಿಟ್ರಲ್ಲ! ಮಗು ನೆಲದ ಮೇಲೆ ಕೂತು ಅತ್ತಿತು, ಆಮೇಲೆ "ಚಿಕ್ಕಮ್ಮ, ಅಪ್ಪ ಬಂದಾಗ ಇಬ್ಬರೂ ಒಟ್ಟಿಗೇ ಕೇಳೋಣ" ಅಂತು. ಅವಳು ಕೇಳೋದನ್ನ ಅವಳು ಕೇಳಲಿ. ನಾನು ಕೇಳೋದು ಇಷ್ಟೇ. ನಾಳೆ ನಾನು ಕಣ್ಣು ಮುಚ್ಚಿದರೆ, ನನ್ನ ಸಾಮಾನನ್ನ ಯಾರ ಹೆಸರು ಹೇಳಿ ಸಾಗಿಸ್ತೀರಿ?